ರಾಜ್ಯಗಳ ಅನುಮೋದನೆ ಬರಿಯ ಮುದ್ರೆಯಲ್ಲ

ಹರಿಹರದ ಹರಿಹರೇಶ್ವರ ಮೂರ್ತಿಯಲ್ಲಿ ಒಂದು ಪಾರ್ಶ್ವ ಹರಿ, ಮತ್ತೊಂದು ಪಾರ್ಶ್ವ ಹರ. ವಿಗ್ರಹ ಒಂದೇ, ಆದರೆ ಒಬ್ಬರು ಇನ್ನೊಬ್ಬರನ್ನು ನುಂಗಿಲ್ಲ. ಕೇಂದ್ರ-ರಾಜ್ಯಗಳ ಸಂಬಂಧಕ್ಕೆ ಇದಕ್ಕಿಂತ ಉಚಿತವಾದ ಪ್ರತೀಕ ಇರಲಾರದು.

ಸಂವಿಧಾನವನ್ನು ತಿದ್ದುವ ಅಧಿಕಾರ ಸಂಸತ್ತಿನದು. ಆದರೆ ಶಾಸನಾಧಿಕಾರದ ಹಂಚಿಕೆಯನ್ನು ಮುಟ್ಟುವ ತಿದ್ದುಪಡಿಗೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ವಿಧಾನಮಂಡಲಗಳ ಅನುಮೋದನೆ ಬೇಕೆಂದು 368ನೆಯ ವಿಧಿ ವಿಧಿಸಿದೆ. ಈ ಹಕ್ಕನ್ನು ರಾಜ್ಯಗಳೇ ಮರೆತರೆ ಕಾಯುವವರಾರು?

ಸಹಕಾರ ಕ್ಷೇತ್ರವನ್ನೇ ನೋಡೋಣ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘಕ್ಕೆ ಅಡಿಗಲ್ಲಿಟ್ಟ ನಾಡು ನಮ್ಮದು. ದಾವಣಗೆರೆ, ಹರಿಹರಗಳ ರೈತರಿಗೂ ವರ್ತಕರಿಗೂ ಸಹಕಾರ ಸಂಘವೆಂಬುದು ನಿತ್ಯಜೀವನದ ಆಸರೆ. ಸಂವಿಧಾನದಲ್ಲಿ ಅದು ರಾಜ್ಯಪಟ್ಟಿಯ ವಿಷಯ. ಆದರೂ ಸಂಘಗಳ ಆಡಳಿತ ಮಂಡಲಿ, ಚುನಾವಣೆ, ಲೆಕ್ಕಪರಿಶೋಧನೆಗಳನ್ನು ಕುರಿತ 97ನೆಯ ತಿದ್ದುಪಡಿ, ರಾಜ್ಯಗಳ ಅನುಮೋದನೆ ಇಲ್ಲದೆಯೇ 2012ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತು. ಕರ್ನಾಟಕವೂ ತನ್ನ 1959ರ ಸಹಕಾರ ಸಂಘಗಳ ಕಾಯಿದೆಯನ್ನು ಅದಕ್ಕೆ ಹೊಂದುವಂತೆ ತಿದ್ದಿಕೊಂಡಿತು. ಅದರ ಸಿಂಧುತ್ವವನ್ನು ಗುಜರಾತಿನಲ್ಲಿ ಪ್ರಶ್ನಿಸಿ ಗೆದ್ದುದು ಯಾವ ರಾಜ್ಯ ಸರ್ಕಾರವೂ ಅಲ್ಲ, ಒಬ್ಬ ನಾಗರಿಕ! 2013ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ಆತನ ವಾದವನ್ನು ಮನ್ನಿಸಿತು. 2021ರ ಜುಲೈ 20ರಂದು ಸರ್ವೋಚ್ಚ ನ್ಯಾಯಾಲಯವು, ರಾಜ್ಯಗಳೊಳಗಿನ ಸಂಘಗಳಿಗೆ ಆ ಭಾಗ ಅನ್ವಯಿಸದೆಂದು ಬಹುಮತದಿಂದ ತೀರ್ಪಿತ್ತಿತು.

ಕಾಲಕಾಲಕ್ಕೆ ಚುನಾವಣೆ, ನಿಷ್ಠುರ ಲೆಕ್ಕಪರಿಶೋಧನೆ ಒಳ್ಳೆಯವೇ ಅಲ್ಲವೆ ಎಂದು ಕೇಳಬಹುದು. ನಿಸ್ಸಂದೇಹವಾಗಿ ಒಳ್ಳೆಯವು. ಆದರೆ ಗುರಿಯಂತೆ ಮಾರ್ಗವೂ ಶುದ್ಧವಾಗಿರಬೇಕೆಂಬುದು ಶರಣರ ನಾಡಿಗೆ ಹೊಸ ಪಾಠವಲ್ಲ. ಇಂದು ಒಳಿತಿಗಾಗಿ ಮುರಿದ ನಿಯಮ ನಾಳೆ ಕೆಡುಕಿಗೂ ದಾರಿ ಬಿಟ್ಟೀತು.

ಅನುಮೋದನೆ ಕೇಳಿದಾಗಲೂ ರಾಜ್ಯಗಳು ವಿವೇಚಿಸಬೇಕು. 1976ರ 42ನೆಯ ತಿದ್ದುಪಡಿ ಶಿಕ್ಷಣವನ್ನು ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಒಯ್ದಿತು. ತುರ್ತುಪರಿಸ್ಥಿತಿಯ ಆ ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಒಪ್ಪಿಗೆಯಿತ್ತವು. ಅದರ ಫಲ ನಮ್ಮಂಥ ಪ್ರತಿಯೊಂದು ಶಾಲೆಗೂ ತಟ್ಟಿದೆ.

ಕೊನೆಗೆ ನ್ಯಾಯಾಲಯವಿದೆಯಲ್ಲ ಎಂದು ಸುಮ್ಮನಿರುವುದು ತರವಲ್ಲ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಮೊಕದ್ದಮೆಯಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಯಾವ ತಿದ್ದುಪಡಿಯೂ ಕೆಡಿಸಲಾಗದೆಂದು 1973ರಲ್ಲಿ ತೀರ್ಮಾನವಾಯಿತು, ನಿಜ. ಆದರೆ ಹದಿಮೂವರು ನ್ಯಾಯಮೂರ್ತಿಗಳಲ್ಲಿ ಏಳು ಮಂದಿಯ ಮತದಿಂದ ಮಾತ್ರ! ಅಷ್ಟು ತೆಳುವಾದ ಎಳೆಗೆ ರಾಜ್ಯದ ಹಕ್ಕನ್ನು ಸದಾ ತೂಗುಬಿಡಬಹುದೆ?

ಮೊದಲ ಕಾವಲು ವಿಧಾನಸೌಧದಲ್ಲಿರಬೇಕು. ತಿದ್ದುಪಡಿಯ ಪ್ರಸ್ತಾಪ ಬಂದಾಗ ನಮ್ಮ ಶಾಸಕರು ಅದನ್ನು ಓದಿ, ಚರ್ಚಿಸಿ, ಅಗತ್ಯವಾದರೆ ಬೇಡವೆನ್ನುವ ಧೈರ್ಯ ತೋರಬೇಕು. ಅಂಥ ಶಾಸಕರನ್ನೂ, ಅವರನ್ನು ಪ್ರಶ್ನಿಸುವ ಪ್ರಜೆಗಳನ್ನೂ ರೂಪಿಸುವುದು ವಿದ್ಯಾಸಂಸ್ಥೆಗಳ ಹೊಣೆ.