ಅಜ್ಜನ ಗಡಿಯಾರ ಬಂಗಾರದ್ದೇ?

ರಾಯಬಾಗ ತಾಲ್ಲೂಕಿನ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಪತ್ರ ಬರೆದಿದ್ದಾಳೆ: "ಸರ್, ನಮ್ಮ ಮುತ್ತಜ್ಜನ ಜೇಬುಗಡಿಯಾರ ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿದೆ. ಹಳದಿಯಾಗಿ ಹೊಳೆಯುತ್ತದೆ. ಅಣ್ಣನ ಕಾಲೇಜು ಫೀ ತುಂಬಲು ಅದನ್ನು ಮಾರಬೇಕೆಂದು ಮನೆಯಲ್ಲಿ ಮಾತು ನಡೆದಿದೆ. ಅದು ಬಂಗಾರದ್ದೋ ಅಲ್ಲವೋ ತಿಳಿಯುವುದು ಹೇಗೆ? ಬೆಲೆ ಎಷ್ಟು ಬಂದೀತು?"

ಈ ಪತ್ರ ಓದಿ ನಾನು ಮೇಜಿನ ಖಾನೆ ತೆರೆದೆ. ಅದರಲ್ಲಿ ಒಂದು ಪುಟ್ಟ ಡಬ್ಬಿಯಿದೆ. ಡಬ್ಬಿಯೊಳಗೆ ಒಂದು ಗಡಿಯಾರದ ಯಂತ್ರ, ಬಿಳಿಯ ಮುಖಫಲಕ, ಎರಡು ಮುಳ್ಳು. ಕವಚ ಮಾತ್ರ ಇಲ್ಲ. 1992ರಲ್ಲಿ ನನ್ನ ಬಿ.ಎಡ್. ಫೀ ತುಂಬಲು ನನ್ನ ತಂದೆ ಅಜ್ಜನ ಜೇಬುಗಡಿಯಾರವನ್ನು ಸರಾಫರ ಅಂಗಡಿಗೆ ಒಯ್ದರು. ಜೊತೆಗೆ ನಾನೂ ಇದ್ದೆ. ಅಂಗಡಿಯವರು ಕವಚ ಬಿಚ್ಚಿ, ಯಂತ್ರವನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿತ್ತು, "ಇದಕ್ಕ ಏನೂ ಕಿಮ್ಮತ್ತಿಲ್ಲ, ಹುಡುಗರಿಗೆ ಆಡಾಕ ಆಕ್ಕೈತಿ" ಎಂದರು. ಕವಚ 28 ಗ್ರಾಂ ತೂಗಿತು. "ಒಂಬತ್ತು ಕ್ಯಾರೆಟ್" ಎಂದು ಹೇಳಿ ಹಣ ಎಣಿಸಿದರು. ಆ ಕವಚದ ಒಳಗೆ ಸಾಸಿವೆ ಕಾಳಿನಷ್ಟು ದೊಡ್ಡ ಒಂದು ಪ್ರಾಣಿಯ ಚಿತ್ರವಿತ್ತು. ಚಿಕ್ಕಂದಿನಿಂದ ನಾನು ಅದನ್ನು ಇಲಿ ಎಂದುಕೊಂಡಿದ್ದೆ. ಆ ಇಲಿಯ ವಿಷಯಕ್ಕೆ ಮತ್ತೆ ಬರೋಣ.

ಮೊದಲು ಮಾಡಬಾರದ್ದು

ಮಗೂ, ನಿನ್ನ ಗಡಿಯಾರವನ್ನು ಹುಣಸೆಹಣ್ಣು, ಬೂದಿ, ಪಾಲಿಶ್ ಯಾವುದರಿಂದಲೂ ತಿಕ್ಕಬೇಡ. ನಾವು ಓದಬೇಕಾದ ಗುರುತುಗಳು ಬಹಳ ಸಣ್ಣವು, ತಿಕ್ಕಿದರೆ ಸವೆಯುತ್ತವೆ. ನಿಂತ ಗಡಿಯಾರಕ್ಕೆ ಒತ್ತಾಯದಿಂದ ಕೀಲಿ ಕೊಡಬೇಡ. ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ, ಹಲ್ಲುಗಳು ಮುರಿಯಬಹುದು. ಚಾಕು ತೂರಿಸಿ ಮುಚ್ಚಳ ಎಬ್ಬಿಸಬೇಡ. ಕತ್ತಲಲ್ಲಿ ಹೊಳೆಯುವಂತೆ ಅಂಕಿಗಳಿಗೆ ಬಣ್ಣ ಬಳಿದಿದ್ದರೆ ಅದನ್ನು ಕೆರೆಯಲೇಬೇಡ. ಹಿಂದೆ ಅಂಥ ಬಣ್ಣದಲ್ಲಿ ರೇಡಿಯಂ ಬೆರೆಸುತ್ತಿದ್ದರು. ಬಣ್ಣದ ಹೊಳಪು ಹೋಗಿದ್ದರೂ ರೇಡಿಯಂ ಹೋಗಿರುವುದಿಲ್ಲ. ಅದರ ಅರ್ಧಾಯುಷ್ಯ ಸುಮಾರು 1600 ವರ್ಷ.

ಊರಿನ ಒಬ್ಬ ಹಿರಿಯ ಗಡಿಯಾರ ರಿಪೇರಿಯವರನ್ನು ಹುಡುಕಿ, ಅವರ ಕೈಯಿಂದಲೇ, ನಿಮ್ಮ ಕಣ್ಣೆದುರೇ ತೆರೆಸಿರಿ. ಒಂದು ಭೂತಗನ್ನಡಿ ಜೊತೆಗಿರಲಿ.

ಮುಚ್ಚಳದೊಳಗಿನ ಭಾಷೆ

ಹಳೆಯ ಜೇಬುಗಡಿಯಾರಕ್ಕೆ ಹಿಂಬದಿಯಲ್ಲಿ ಸಾಮಾನ್ಯವಾಗಿ ಎರಡು ಮುಚ್ಚಳ. ಹೊರಗಿನದು ಅಂದಕ್ಕೆ, ಒಳಗಿನದು ಧೂಳು ತಡೆಯಲು. ಅನೇಕ ಗಡಿಯಾರಗಳಲ್ಲಿ ಹೊರಗಿನದು ನಿಜವಾದ ಬಂಗಾರದ್ದಾದರೂ ಒಳಗಿನದು ಬರೀ ಹಿತ್ತಾಳೆಯದು. ಆದ್ದರಿಂದ ಒಂದನ್ನು ನೋಡಿ ಇನ್ನೊಂದನ್ನು ನಂಬಬಾರದು. ಪ್ರತಿ ತುಂಡಿನ ಮೇಲೂ ಗುರುತು ಹುಡುಕಬೇಕು.

ಅಪ್ಪಟ ಬಂಗಾರ 24 ಕ್ಯಾರೆಟ್ ಎಂದು ನಿಮಗೆ ಗೊತ್ತು. ಆದರೆ ಅದು ತೀರ ಮೆತ್ತಗೆ. ಜೇಬಿನಲ್ಲಿ ಉಜ್ಜಾಡುವ ಗಡಿಯಾರಕ್ಕೆ ಒದಗದು. ಅದಕ್ಕೇ ತಾಮ್ರ, ಬೆಳ್ಳಿ ಬೆರೆಸುತ್ತಾರೆ. 18 ಕ್ಯಾರೆಟ್ ಎಂದರೆ 24 ಭಾಗದಲ್ಲಿ 18 ಭಾಗ ಬಂಗಾರ, ಅಂದರೆ ಸಾವಿರಕ್ಕೆ 750. 14 ಕ್ಯಾರೆಟ್ ಎಂದರೆ ಸಾವಿರಕ್ಕೆ 583 ಅಥವಾ 585. ಒಂಬತ್ತು ಕ್ಯಾರೆಟ್ಟಿಗೆ 375. ಈ ಅಂಕಿಗಳಲ್ಲಿ ಒಂದು ಮುಚ್ಚಳದೊಳಗೆ ಕಂಡರೆ ಅದು ಮೊದಲ ಸಾಕ್ಷಿ.

ಅಂಕಿಯ ಪಕ್ಕದಲ್ಲಿ ಚಿತ್ರವಿದ್ದರೆ ಅದು ಇನ್ನೂ ಬಲವಾದ ಸಾಕ್ಷಿ. ಇಂಗ್ಲೆಂಡಿನ ಕವಚದ ಮೇಲೆ ಪರೀಕ್ಷೆ ಮಾಡಿದ ಊರಿನ ಮುದ್ರೆ ಇರುತ್ತದೆ: ಲಂಡನ್ನಿಗೆ ಚಿರತೆಯ ತಲೆ, ಬರ್ಮಿಂಗ್‌ಹ್ಯಾಮಿಗೆ ಹಡಗಿನ ಲಂಗರು. ಜೊತೆಗೆ ಒಂದು ಅಕ್ಷರ. ಅದು ವರ್ಷ ವರ್ಷವೂ ಬದಲಾಗುವುದರಿಂದ ಪರೀಕ್ಷೆ ನಡೆದ ವರ್ಷವನ್ನೇ ತಿಳಿಸುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 1880ರ ಕಾಯ್ದೆಯ ನಂತರ ಬೇರೆ ಪದ್ಧತಿ ಬಂತು. 18 ಕ್ಯಾರೆಟ್ ಬಂಗಾರಕ್ಕೆ ಹೆಲ್ವೇಷಿಯಾ ಎಂಬ ದೇವಿಯ ತಲೆ. 14 ಕ್ಯಾರೆಟ್ಟಿಗೆ ಅಳಿಲು.

ಹೌದು, ಅಳಿಲು. ನನ್ನ ಅಜ್ಜನ ಗಡಿಯಾರದೊಳಗಿದ್ದದ್ದು ಇಲಿಯಲ್ಲ. ಇದು ನನಗೆ ತಿಳಿದದ್ದು ಕವಚ ಕರಗಿ ಹನ್ನೆರಡು ವರ್ಷವಾದ ಮೇಲೆ. ಲೆಕ್ಕ ಹಾಕಿ ನೋಡಿ. 28 ಗ್ರಾಂ ಒಂಬತ್ತು ಕ್ಯಾರೆಟ್ ಆದರೆ ಅದರಲ್ಲಿ ಅಪ್ಪಟ ಬಂಗಾರ ಹತ್ತೂವರೆ ಗ್ರಾಂ. 14 ಕ್ಯಾರೆಟ್ ಆದರೆ 16.3 ಗ್ರಾಂ. ವ್ಯತ್ಯಾಸ 5.8 ಗ್ರಾಂ, ಹಳೆಯವರ ಮಾತಿನಲ್ಲಿ ಅರ್ಧ ತೊಲೆ. ಅಂಗಡಿಯವರಿಗೆ ಆ ಗುರುತು ಗೊತ್ತಿತ್ತೋ ಇಲ್ಲವೋ, ನಾನು ಹೇಳಲಾರೆ. ಬಿ.ಎಸ್ಸಿ. ಪಾಸಾಗಿ ಪಕ್ಕದಲ್ಲೇ ನಿಂತಿದ್ದ ನನಗಂತೂ ಗೊತ್ತಿರಲಿಲ್ಲ. ನನ್ನ ತಂದೆ ನನ್ನ ಮುಖವನ್ನೊಮ್ಮೆ ನೋಡಿದ್ದರು, ಓದಿದ ಮಗ ಏನಾದರೂ ಹೇಳಿಯಾನು ಎಂದು. ನಾನು ಸುಮ್ಮನಿದ್ದೆ.

ಮೋಸ ಹೋಗುವ ಗುರುತುಗಳು

ಬಂಗಾರವೆಂದು ತೋರಿಸುವ, ಆದರೆ ಬಂಗಾರವಲ್ಲದ ಗುರುತುಗಳೂ ಉಂಟು. ಕವಚದೊಳಗೆ "20 ವರ್ಷ ಗ್ಯಾರಂಟಿ" ಅಥವಾ "25 ವರ್ಷ ಗ್ಯಾರಂಟಿ" ಎಂದು ಇಂಗ್ಲಿಷಿನಲ್ಲಿ ಕೊರೆದಿದ್ದರೆ ಹಿಗ್ಗಬೇಡಿ. ಹಿತ್ತಾಳೆಯ ಹಾಳೆಗೆ ಬಂಗಾರದ ತೆಳು ಹಾಳೆ ಬೆಸೆದು ಮಾಡಿದ ಕವಚ ಅದು. ಮೇಲಿನ ಬಂಗಾರ ಅಷ್ಟು ವರ್ಷ ಸವೆಯದು ಎಂಬುದೇ ಆ ಗ್ಯಾರಂಟಿಯ ಅರ್ಥ. ಅಪ್ಪಟ ಬಂಗಾರಕ್ಕೆ ಸವೆಯುವ ಗ್ಯಾರಂಟಿ ಯಾಕೆ ಬೇಕು? ಅಂಚು, ಹಿಡಿಕೆ, ಸರಪಳಿಯ ಬಳೆ ಇವುಗಳನ್ನು ನೋಡಿ. ಅಲ್ಲಿ ಸವೆದು ಬೇರೆ ಬಣ್ಣ ಇಣುಕಿದರೆ ಉತ್ತರ ಸಿಕ್ಕಿತು.

"15 ರೂಬಿ" ಎಂದು ಬರೆದಿರುವುದನ್ನು ನೋಡಿ "ಹದಿನೈದು ಮಾಣಿಕ್ಯ ಅದಾವ" ಎಂದು ಸಂತೋಷಪಡುವವರೂ ಇದ್ದಾರೆ. ಚಕ್ರಗಳ ಅಚ್ಚು ತಿರುಗುವಾಗ ಘರ್ಷಣೆ ಕಡಿಮೆಯಾಗಲೆಂದು, ಲೋಹ ಸವೆಯದಿರಲೆಂದು ಇಡುವ ಗಟ್ಟಿ ಹರಳುಗಳು ಅವು. ಫ್ರಾನ್ಸಿನ ವರ್ನ್ಯೂಯಿ 1902ರಲ್ಲಿ ಕೃತಕ ಮಾಣಿಕ್ಯ ತಯಾರಿಸುವ ವಿಧಾನ ಪ್ರಕಟಿಸಿದ ಮೇಲೆ ಅವು ತೀರ ಅಗ್ಗವಾದವು. ಹರಳುಗಳ ಸಂಖ್ಯೆ ಯಂತ್ರದ ಗುಣಮಟ್ಟ ಹೇಳುತ್ತದೆಯೇ ಹೊರತು ಆಭರಣದ ಬೆಲೆಯನ್ನಲ್ಲ.

ಆರ್ಕಿಮಿಡೀಸನ ಸಹಾಯ

ಗುರುತು ಸವೆದಿದ್ದರೆ ವಿಜ್ಞಾನವಿದೆ. ಎಂಟನೆಯ, ಒಂಬತ್ತನೆಯ ತರಗತಿಯವರು ಸಾಂದ್ರತೆಯ ಪಾಠ ನೆನಪಿಸಿಕೊಳ್ಳಿ. ಅಪ್ಪಟ ಬಂಗಾರದ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ. 18 ಕ್ಯಾರೆಟ್ಟಿನದು ಸುಮಾರು 15.5, 14 ಕ್ಯಾರೆಟ್ಟಿನದು ಸುಮಾರು 13, ಹಿತ್ತಾಳೆಯದು ಸುಮಾರು 8.5. ಯಂತ್ರ, ಗಾಜು, ಉಕ್ಕಿನ ಸ್ಪ್ರಿಂಗು ಎಲ್ಲ ತೆಗೆದು ಬರೀ ಮುಚ್ಚಳವನ್ನು ಗಾಳಿಯಲ್ಲಿ ತೂಗಿ, ಆಮೇಲೆ ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಬೇಕು. ಮುಚ್ಚಳ ಗಾಳಿಯಲ್ಲಿ 13 ಗ್ರಾಂ, ನೀರಿನಲ್ಲಿ 12 ಗ್ರಾಂ ತೂಗಿತೆನ್ನಿ. ಒಂದು ಗ್ರಾಂ ಕಡಿಮೆಯಾಯಿತು; ಅಂದರೆ ಅದರ ಗಾತ್ರ ಒಂದು ಘನ ಸೆಂಟಿಮೀಟರು, ಸಾಂದ್ರತೆ 13. ಅದೇ ತೂಕದ ಹಿತ್ತಾಳೆಯ ಮುಚ್ಚಳವಾದರೆ ಸುಮಾರು ಒಂದೂವರೆ ಗ್ರಾಂ ಕಡಿಮೆ ತೂಗುತ್ತದೆ. ಅಂತರ ಅರ್ಧ ಗ್ರಾಮಿನದು, ಆದ್ದರಿಂದ ಅಡಿಗೆಮನೆಯ ತಕ್ಕಡಿ ಸಾಲದು. ಪತ್ತಾರರ ತಕ್ಕಡಿ ಬೇಕು. ಯಂತ್ರವಿರುವ ಇಡೀ ಗಡಿಯಾರವನ್ನು ಮಾತ್ರ ಯಾರೂ ನೀರಿಗೆ ಹಾಕಬೇಡಿ.

ಪತ್ತಾರರ ಒರೆಗಲ್ಲು, ಆಸಿಡ್ಡು ಹಳೆಯ ನಂಬಿಕೆಯ ವಿಧಾನ. ಈಗ ಬೆಳಗಾವಿ, ಕೊಲ್ಹಾಪುರದಂಥ ಊರುಗಳಲ್ಲಿ ಕ್ಷಕಿರಣದಿಂದ ಲೋಹ ಪರೀಕ್ಷಿಸುವ ಯಂತ್ರಗಳೂ ಇವೆ. ಗೀರದೆ, ಕರಗಿಸದೆ ಕ್ಷಣದಲ್ಲಿ ಹೇಳುತ್ತವೆ. ಆದರೆ ಆ ಕಿರಣ ಓದುವುದು ಮೇಲಿನ ತೆಳು ಪದರವನ್ನು ಮಾತ್ರ. ದಪ್ಪ ಲೇಪವಿದ್ದರೆ ಯಂತ್ರವೂ ಮೋಸ ಹೋದೀತು. ಅದಕ್ಕೇ ಒಂದೇ ಪರೀಕ್ಷೆಗೆ ಜೋತುಬೀಳದೆ ಗುರುತು, ಸಾಂದ್ರತೆ, ಕಿರಣ ಮೂರನ್ನೂ ಹೋಲಿಸಬೇಕು. ಇನ್ನೊಂದು ಮಾತು. ನಮ್ಮ ದೇಶದಲ್ಲಿ 2021ರಿಂದ ಒಡವೆಗಳಿಗೆ ಹಾಲ್‌ಮಾರ್ಕ್ ಕಡ್ಡಾಯವಾಗುತ್ತ ಬಂದಿದೆ, ಆದರೆ ಗಡಿಯಾರಗಳಿಗೆ ವಿನಾಯಿತಿ ಇದೆ. ಹಾಲ್‌ಮಾರ್ಕ್ ಇಲ್ಲ ಎಂಬ ಒಂದೇ ಕಾರಣಕ್ಕೆ ಅಜ್ಜನ ಗಡಿಯಾರ ನಕಲಿ ಆಗುವುದಿಲ್ಲ.

ತೂಕದ ಬೆಲೆ, ಗಡಿಯಾರದ ಬೆಲೆ

ಈಗ ಬೆಲೆ. ಮೊದಲನೆಯದು ಲೋಹದ ಬೆಲೆ. ಬಂಗಾರದ ತುಂಡುಗಳ ತೂಕವನ್ನು ಕ್ಯಾರೆಟ್ಟಿನಿಂದ ಗುಣಿಸಿ, 24ರಿಂದ ಭಾಗಿಸಿ, ಆ ದಿನದ ಅಪ್ಪಟ ಬಂಗಾರದ ದರದಿಂದ ಗುಣಿಸಿ. ಇದು ಕನಿಷ್ಠ ಬೆಲೆ. ಇದಕ್ಕಿಂತ ತೀರ ಕಡಿಮೆಗೆ ಕೇಳುವವರಿಂದ ಎದ್ದು ಬನ್ನಿ.

ಎರಡನೆಯದು ಗಡಿಯಾರದ ಬೆಲೆ. ತಯಾರಕರು ಯಾರು, ಎಷ್ಟು ಹಳೆಯದು, ಯಂತ್ರ ಎಷ್ಟು ಸಂಕೀರ್ಣ, ಮುಖಫಲಕ ಬಿರುಕಿಲ್ಲದೆ ಇದೆಯೇ, ಬಿಡಿಭಾಗಗಳು ಮೂಲದವೇ ಎಂಬುದರ ಮೇಲೆ ಅದು ನಿಂತಿದೆ. ತಯಾರಕರ ಹೆಸರು ಮುಖಫಲಕಕ್ಕಿಂತ ಯಂತ್ರದ ಮೇಲೆ ಖಚಿತವಾಗಿರುತ್ತದೆ. ಅಮೆರಿಕದ ವಾಲ್ತಮ್, ಎಲ್ಜಿನ್ ಕಂಪನಿಗಳ ಯಂತ್ರದ ಸಂಖ್ಯೆ ಸಿಕ್ಕರೆ ತಯಾರಾದ ಕಾಲವನ್ನು ಪಟ್ಟಿಯಿಂದ ತಿಳಿಯಬಹುದು. ಕವಚದ ಸಂಖ್ಯೆ ಬೇರೆ, ಯಂತ್ರದ ಸಂಖ್ಯೆ ಬೇರೆ, ಬೆರೆಸಬಾರದು. ಸ್ವಿಟ್ಜರ್ಲೆಂಡಿನ ಪಟೆಕ್ ಫಿಲಿಪ್ ಕಂಪನಿ ಹೆನ್ರಿ ಗ್ರೇವ್ಸ್ ಎಂಬ ಶ್ರೀಮಂತನಿಗೆ ಮಾಡಿಕೊಟ್ಟ ಬಂಗಾರದ ಜೇಬುಗಡಿಯಾರ 2014ರಲ್ಲಿ ಜಿನೀವಾದಲ್ಲಿ ಸುಮಾರು 2.4 ಕೋಟಿ ಡಾಲರಿಗೆ ಹರಾಜಾಯಿತು. ಅದು ಬಂಗಾರದ ಬೆಲೆಯಲ್ಲ, ಒಂದೇ ಗಡಿಯಾರದಲ್ಲಿ 24 ವಿಶೇಷ ಕೆಲಸಗಳನ್ನು ಕೂಡಿಸಿದ ಕೈಚಳಕದ ಬೆಲೆ.

ಮೂರನೆಯದು ಯಾರ ಗಡಿಯಾರ ಎಂಬುದರ ಬೆಲೆ. ಟೈಟಾನಿಕ್ ಹಡಗಿನಲ್ಲಿ ಮುಳುಗಿದ ಜಾನ್ ಜೇಕಬ್ ಆಸ್ಟರ್‌ನ ವಾಲ್ತಮ್ ಗಡಿಯಾರ 14 ಕ್ಯಾರೆಟ್ಟಿನದು, ನಮ್ಮ ಅಳಿಲಿನಷ್ಟೇ. 2024ರಲ್ಲಿ ಇಂಗ್ಲೆಂಡಿನಲ್ಲಿ ಅದಕ್ಕೆ ಸುಮಾರು 11.75 ಲಕ್ಷ ಪೌಂಡು ಬಂತು. ಇನ್ನು 1924ರಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದ ಗಾಂಧೀಜಿಯ ಸೊಂಟದ ಗಡಿಯಾರ ಯಾರಿಗೆ ನೆನಪಿಲ್ಲ? ಅವರ ಒಂದು ಝೆನಿತ್ ಜೇಬುಗಡಿಯಾರ 2009ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಹರಾಜಿಗೆ ಬಂತು. ಕನ್ನಡಕ, ಚಪ್ಪಲಿ, ಬಟ್ಟಲು, ತಟ್ಟೆಗಳೊಂದಿಗೆ ಒಟ್ಟು 18 ಲಕ್ಷ ಡಾಲರ್ ಕೊಟ್ಟು ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಕೊಂಡರು. ಆ ಗಡಿಯಾರ ಬಂಗಾರದ್ದೇ ಅಲ್ಲ, ಬೆಳ್ಳಿಯದು. ತಕ್ಕಡಿಯಲ್ಲಿಟ್ಟರೆ ಕೆಲವು ಸಾವಿರ ರೂಪಾಯಿ.

ಇದನ್ನು ಓದಿ ಪಾಲಕರು ಕೋಟಿಯ ಕನಸು ಕಾಣುವುದು ಬೇಡ. ಸಾಮಾನ್ಯ ಸ್ವಿಸ್ ಗಡಿಯಾರಕ್ಕೆ ಬಹಳ ಸಲ ಲೋಹದ ಬೆಲೆಗಿಂತ ಸ್ವಲ್ಪವೇ ಹೆಚ್ಚು ಬಂದೀತು. ಆದರೆ ಯಂತ್ರ ಕಿತ್ತು ಕವಚ ಕರಗಿಸಿದ ಮೇಲೆ ಆ ಸ್ವಲ್ಪವೂ ಇಲ್ಲ.

ನಮ್ಮ ಸೀಮೆಯ ಗಡಿಯಾರಗಳು

ನಮ್ಮ ಭಾಗದಲ್ಲಿ ಇಂಥ ಗಡಿಯಾರ ಸಿಗುವುದರಲ್ಲಿ ಆಶ್ಚರ್ಯವಿಲ್ಲ. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಗಳು, ಚಿಕ್ಕೋಡಿ, ಅಥಣಿಯ ವಕೀಲರು, ಶೇಡಬಾಳ, ಕುಡಚಿ, ರಾಯಬಾಗದ ರೈಲು ನೌಕರರು, ಹೀಗೆ ವೇಳೆ ಬೇಕಾದ ಜನ ಇಲ್ಲಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೀರಜದಿಂದ ಬೆಳಗಾವಿಗೆ ರೈಲು ಬಂದಾಗ ಭಾರತದ ರೈಲುಗಳು ಬಹುಮಟ್ಟಿಗೆ ಮದ್ರಾಸ್ ಸಮಯದಂತೆ ಓಡುತ್ತಿದ್ದವು. ಅದು ಚಿಕ್ಕೋಡಿಯ ಸೂರ್ಯಸಮಯಕ್ಕಿಂತ ಸುಮಾರು 23 ನಿಮಿಷ ಮುಂದೆ. ನೆತ್ತಿಯ ಸೂರ್ಯನನ್ನು ನಂಬಿ ಹೊರಟವನಿಗೆ ರೈಲು ತಪ್ಪುತ್ತಿತ್ತು, ಜೇಬುಗಡಿಯಾರ ಇದ್ದವನಿಗೆ ಸಿಗುತ್ತಿತ್ತು. ಫಲಕದ ಮೇಲೆ ವೆಸ್ಟ್ ಎಂಡ್ ವಾಚ್ ಕಂಪನಿ, ಬಾಂಬೆ, ಕಲ್ಕತ್ತಾ ಎಂದಿದ್ದರೆ ಅದು ಭಾರತದ ಪೇಟೆಗೆಂದೇ ಬಂದ ಸ್ವಿಸ್ ಗಡಿಯಾರ.

ಆದ್ದರಿಂದ ಮಗೂ, ಮಾರುವ ಮೊದಲು ಒಂದು ಕೆಲಸ ಮಾಡು. ಮುಚ್ಚಳದ ಗುರುತು, ಯಂತ್ರದ ಸಂಖ್ಯೆ, ಫಲಕದ ಹೆಸರು ಇವನ್ನು ಫೋಟೋ ತೆಗೆದು ನೋಟ್‌ಬುಕ್ಕಿನಲ್ಲಿ ಬರೆದುಕೋ. ಮುತ್ತಜ್ಜ ಏನು ಕೆಲಸ ಮಾಡುತ್ತಿದ್ದರು, ಗಡಿಯಾರ ಎಲ್ಲಿಂದ ಬಂತು, ಹಿರಿಯರನ್ನು ಕೇಳಿ ಅದನ್ನೂ ಬರೆ. ಕನಿಷ್ಠ ಮೂರು ಕಡೆ ತೋರಿಸಿ: ಒಬ್ಬ ಪತ್ತಾರರು, ಒಬ್ಬ ಗಡಿಯಾರ ಬಲ್ಲವರು, ಒಂದು ಪರೀಕ್ಷಾ ಕೇಂದ್ರ. ನೂರು ವರ್ಷ ದಾಟಿದ ವಸ್ತುವನ್ನು ಹೊರದೇಶಕ್ಕೆ ಕಳಿಸುತ್ತೇನೆಂದು ಯಾರಾದರೂ ಹೇಳಿದರೆ 1972ರ ಪ್ರಾಚ್ಯವಸ್ತು ಕಾಯ್ದೆ ಅಡ್ಡ ಬರಬಹುದೆಂಬುದು ನೆನಪಿರಲಿ.

ಇಷ್ಟಾದ ಮೇಲೂ ಮಾರಬೇಕಾದರೆ ಮಾರಿರಿ. ಮಕ್ಕಳ ಓದಿಗಾಗಿ ಗಡಿಯಾರ ಮಾರುವುದು ತಪ್ಪಲ್ಲ; ನಾನು ಮೇಷ್ಟ್ರಾದದ್ದೇ ಹಾಗೆ. ತಿಳಿಯದೆ ಮಾರುವುದು ಮಾತ್ರ ಬೇಡ. ಅಂಗಡಿಯಲ್ಲಿ ಅಪ್ಪ ನಿನ್ನ ಮುಖ ನೋಡಿದಾಗ ಹೇಳಲು ನಿನ್ನ ಹತ್ತಿರ ಮಾತಿರಲಿ.

ಈ ವಾರದ ಲೆಕ್ಕ: ಒಂದು ಗಡಿಯಾರದ ಒಟ್ಟು ತೂಕ 80 ಗ್ರಾಂ. ಯಂತ್ರ, ಗಾಜು, ಹಿತ್ತಾಳೆಯ ಒಳಮುಚ್ಚಳ ಸೇರಿ 48 ಗ್ರಾಂ. ಉಳಿದದ್ದು 18 ಕ್ಯಾರೆಟ್ ಬಂಗಾರ. ಅಪ್ಪಟ ಬಂಗಾರ ಎಷ್ಟು? ಅಪ್ಪ, ಅವ್ವನ ಜೊತೆ ಕೂತು ಮಾಡಿ.