ಅಳೆಯುವ ಕೈ ಬೇಕು

2022ರ ಅಕ್ಟೋಬರ್ ತಿಂಗಳಲ್ಲಿ ರಾಮದುರ್ಗ ತಾಲ್ಲೂಕಿನ ಮುದೇನೂರಿನಲ್ಲಿ ಕಲುಷಿತ ನೀರನ್ನು ಕುಡಿದ ಜನರು ವಾಂತಿಭೇದಿಗೆ ತುತ್ತಾಗಿ ಗುಂಪುಗುಂಪಾಗಿ ಆಸ್ಪತ್ರೆಯನ್ನು ಸೇರಿದರು, ಪ್ರಾಣಹಾನಿಯೂ ಸಂಭವಿಸಿತು. ಕಣಕುಂಬಿಯಲ್ಲಿ ಹುಟ್ಟಿ, ಖಾನಾಪುರ, ಬೈಲಹೊಂಗಲ, ಸವದತ್ತಿಗಳನ್ನು ಹಾದು ರಾಮದುರ್ಗಕ್ಕೆ ಬರುವ ಮಲಪ್ರಭೆಯ ಸೀಮೆಯಲ್ಲಿ, ನವಿಲುತೀರ್ಥದ ಜಲಾಶಯವನ್ನು ಮಗ್ಗುಲಲ್ಲಿಟ್ಟುಕೊಂಡ ನಾಡಿನಲ್ಲಿ, ಮನೆಯ ನಳದ ನೀರೇ ಮೃತ್ಯುವಿಗೆ ಕಾರಣವಾದುದನ್ನು ನೇಸರಗಿಯವರಾಗಲಿ ಕಿತ್ತೂರಿನವರಾಗಲಿ ಪರರ ಸುದ್ದಿಯೆಂದು ಮರೆಯಲಾಗದು; ಅಂಥದೇ ಕೊಳವೆ, ಅಂಥದೇ ಗಟಾರ ನಮ್ಮೆಲ್ಲ ಊರುಗಳಲ್ಲಿಯೂ ಒಂದರ ಪಕ್ಕದಲ್ಲೊಂದು ಹರಿಯುತ್ತಿವೆ.

ಜಲಶುದ್ಧಿಯ ಪ್ರಸಂಗ ಬಂದಾಗ ಕ್ಲೋರಿನ್ ಡೈಆಕ್ಸೈಡ್ ಎಂಬ ದ್ರವ್ಯದ ಪ್ರಶಂಸೆ ಈಚೆಗೆ ಕೇಳಿಬರುತ್ತದೆ. ಈ ವಿಷಯದಲ್ಲಿ ನನ್ನ ಅಭಿಪ್ರಾಯವು ನಿಶ್ಚಿತವಾದುದು: ದ್ರವ್ಯವು ಸಮರ್ಥವೇ ಸರಿ, ಆದರೆ ಅಳೆದು ಬಳಸುವ ಕೈ ಇಲ್ಲದ ಊರಿಗೆ ಅದು ಬರತಕ್ಕದ್ದಲ್ಲ, ನಮ್ಮ ಗ್ರಾಮಗಳು ಮೊದಲು ಸಂಪಾದಿಸಿಕೊಳ್ಳಬೇಕಾದುದು ಆ ಕೈಯನ್ನು.

ಅದರ ಗುಣವನ್ನು ಮೊದಲು ನ್ಯಾಯವಾಗಿ ಹೇಳಬೇಕು. ಹಸುರುಮಿಶ್ರಿತ ಹಳದಿ ಬಣ್ಣದ ಈ ಅನಿಲವನ್ನು 1944ರಲ್ಲಿ ಅಮೆರಿಕದ ನಯಾಗರಾ ಫಾಲ್ಸ್ ನಗರದ ಜಲಾಗಾರದಲ್ಲಿ ಕುಡಿಯುವ ನೀರಿನ ದುರ್ವಾಸನೆ, ದುಃಸ್ವಾದಗಳ ನಿವಾರಣೆಗಾಗಿ ಬಳಸಿದರು. 1950ರ ದಶಕದಲ್ಲಿ ಬ್ರಸೆಲ್ಸ್ ನಗರವು ಇದನ್ನು ಅಂಗೀಕರಿಸಿತು. ಸಾಮಾನ್ಯ ಕ್ಲೋರಿನ್ ನೀರಿನಲ್ಲಿರುವ ಸಸ್ಯಾವಶೇಷಗಳೊಡನೆ ಕೂಡಿ ಟ್ರೈಹಾಲೋಮೀಥೇನ್ ಎಂಬ ಅನಪೇಕ್ಷಿತ ಸಂಯುಕ್ತಗಳನ್ನು ಉಂಟುಮಾಡುತ್ತದೆ. ಉತ್ಕರ್ಷಣದಿಂದಲೇ ಸೂಕ್ಷ್ಮಜೀವಿಗಳನ್ನು ನಾಶಮಾಡುವ ಡೈಆಕ್ಸೈಡಿನಲ್ಲಿ ಆ ದೋಷ ಬಹುಮಟ್ಟಿಗೆ ಇಲ್ಲ. ನೀರು ಕ್ಷಾರಗುಣವುಳ್ಳದ್ದಾದಾಗ ಕ್ಲೋರಿನ್ನಿನ ಶಕ್ತಿ ಕುಂದುತ್ತದೆ, ಇದರದು ಅಷ್ಟಾಗಿ ಕುಂದದು. ಕೊಳವೆಯ ಒಳಮೈಗೆ ಅಂಟಿಕೊಂಡು, ತನ್ನೊಳಗೆ ರೋಗಾಣುಗಳನ್ನು ಪೋಷಿಸುವ ಲೋಳೆಯ ಪದರವನ್ನು ಭೇದಿಸುವುದರಲ್ಲಿ ಇದು ಹೆಚ್ಚು ಸಮರ್ಥವಾದುದರಿಂದ, ದೊಡ್ಡ ಆಸ್ಪತ್ರೆಗಳ ಬಿಸಿನೀರಿನ ವ್ಯವಸ್ಥೆಯಲ್ಲಿ ನೆಲೆಸಿ ಶ್ವಾಸಕೋಶಕ್ಕೆ ಎರಗುವ ಲೀಜನೆಲ್ಲಾ ಎಂಬ ಜೀವಾಣುವಿನ ದಮನಕ್ಕೆ ಹಲವು ದೇಶಗಳಲ್ಲಿ ಇದು ಬಳಕೆಯಲ್ಲಿದೆ.

ಇಷ್ಟು ಗುಣಗಳ ಜೊತೆಗೇ ಇದರ ಅಪಾಯಗಳೂ ಇವೆ. ಗಾಳಿಯಲ್ಲಿ ಶೇಕಡಾ 10ಕ್ಕಿಂತ ಮಿಗಿಲಾಗಿ ಸಾಂದ್ರವಾದರೆ ಅದು ಸ್ಫೋಟಿಸಬಲ್ಲುದು. ಆದಕಾರಣ ಕ್ಲೋರಿನ್ನಿನಂತೆ ಸಿಲಿಂಡರಿನಲ್ಲಿ ತುಂಬಿ ಸಾಗಿಸುವಂತಿಲ್ಲ, ಸೋಡಿಯಂ ಕ್ಲೋರೈಟಿಗೆ ಆಮ್ಲವನ್ನೋ ಕ್ಲೋರಿನ್ನನ್ನೋ ಕೂಡಿಸಿ ಬಳಸುವ ಸ್ಥಳದಲ್ಲಿಯೇ ತಯಾರಿಸಬೇಕು. ತನ್ನ ಕೆಲಸವನ್ನು ಮುಗಿಸಿದ ಮೇಲೆ ಅದರ ಬಹುಭಾಗ ಕ್ಲೋರೈಟ್ ಆಗಿ ನೀರಿನಲ್ಲಿ ಉಳಿಯುತ್ತದೆ. ಅದು ಮಿತಿಮೀರಿದರೆ ರಕ್ತದ ಕೆಂಪುಕಣಗಳಿಗೆ, ವಿಶೇಷವಾಗಿ ಹಸುಗೂಸುಗಳಿಗೆ, ಹಾನಿಕರ. ವಿಶ್ವ ಆರೋಗ್ಯ ಸಂಸ್ಥೆಯು ಲೀಟರಿಗೆ 0.7 ಮಿಲಿಗ್ರಾಂ ಕ್ಲೋರೈಟನ್ನು ಮೇರೆಯಾಗಿ ಸೂಚಿಸಿದೆ. ಅಮೆರಿಕದಲ್ಲಿ ಉಳಿಕೆ ಡೈಆಕ್ಸೈಡಿಗೆ 0.8 ಮಿಲಿಗ್ರಾಮಿನ ಮಿತಿಯಿದೆ. ಮಿಲಿಗ್ರಾಮಿನ ಈ ಭಿನ್ನಾಂಶಗಳನ್ನು ಪ್ರತಿದಿನವೂ ಅಳೆಯಬಲ್ಲ ಪ್ರಯೋಗಶಾಲೆ, ಅಳೆಯಬಲ್ಲ ತಜ್ಞ ಇಲ್ಲದೆಡೆ ಇದನ್ನು ಬಳಸುವುದು ರೋಗವನ್ನು ಕಳೆಯಲು ಹೋಗಿ ವಿಷವನ್ನು ಆಹ್ವಾನಿಸಿದಂತೆ.

ಹಾಗಾದರೆ ನಮ್ಮ ಊರುಗಳ ಗತಿಯೇನು? ಬ್ಲೀಚಿಂಗ್ ಪುಡಿಯನ್ನು ಹಳೆಯದೆಂದು ಅಲ್ಲಗಳೆಯುವ ಮುನ್ನ ಅದನ್ನಾದರೂ ನಾವು ಕ್ರಮವಾಗಿ ಬಳಸಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ಉತ್ತಮ ಪುಡಿಯಲ್ಲಿ ಶೇಕಡಾ 33ರಷ್ಟು ಕ್ಲೋರಿನ್ ಇರುತ್ತದೆ. ಸಾಧಾರಣವಾಗಿ ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ಎಂದರೆ ಐವತ್ತು ಸಾವಿರ ಲೀಟರಿನ ಟಾಕಿಗೆ 125 ಗ್ರಾಂ ಪುಡಿ ಬೇಕಾಗುತ್ತದೆ. ಬೆರೆಸಿದ ಮೇಲೆ ಅರ್ಧ ಗಂಟೆಯಾದರೂ ಕಳೆಯದೆ ನೀರು ಬಿಡಬಾರದು. ಅದೇ ಪುಡಿಯ ಚೀಲವು ಬಾಯಿ ತೆರೆದುಕೊಂಡು ಪಂಪುಮನೆಯ ತೇವದಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೆ ಅದರ ಸತ್ತ್ವ ಹಾರಿಹೋಗಿ, ಸುಣ್ಣದಂಥ ಬಿಳಿಹುಡಿ ಮಾತ್ರ ಉಳಿಯುತ್ತದೆ.

ಪರೀಕ್ಷೆಯೋ, ಸುಲಭವಾದುದು. ಊರಿನ ಕೊನೆಯ ನಳದ ನೀರನ್ನು ಗಾಜಿನ ನಳಿಕೆಯಲ್ಲಿ ಹಿಡಿದು, ಆರ್ಥೋಟಾಲಿಡಿನ್ ದ್ರಾವಣದ ಕೆಲವು ಹನಿಗಳನ್ನು ಹಾಕಿದರೆ ನೀರು ಹಳದಿಗೆ ತಿರುಗುತ್ತದೆ. ಪಕ್ಕದ ಬಣ್ಣದ ಪಟ್ಟಿಯೊಡನೆ ತಡಮಾಡದೆ ಹೋಲಿಸಿದರೆ ಉಳಿದ ಕ್ಲೋರಿನ್ ಎಷ್ಟೆಂಬುದು ಗೊತ್ತಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಅದು ಲೀಟರಿಗೆ 0.2 ಮಿಲಿಗ್ರಾಮಾದರೂ ಇರಬೇಕು. ಟಾಕಿಯ ಬುಡದಲ್ಲಿ ಬಣ್ಣ ಕಂಡು, ಕೊನೆಯ ನಳದಲ್ಲಿ ಕಾಣದೆ ಹೋದರೆ, ನಡುದಾರಿಯಲ್ಲಿ ಯಾವುದೋ ಹೊಲಸು ಆ ಕ್ಲೋರಿನ್ನನ್ನು ನುಂಗುತ್ತಿರಬಹುದೆಂದು ಶಂಕಿಸಿ ಕೊಳವೆಯನ್ನು ಶೋಧಿಸಬೇಕು. ದಿನಬಿಟ್ಟು ದಿನ ನೀರು ಬಿಡುವ ಊರುಗಳಲ್ಲಿ, ಬರಿದಾದ ಕೊಳವೆಯು ಬಿರುಕಿನ ಮೂಲಕ ಗಟಾರದ ನೀರನ್ನು ಒಳಕ್ಕೆ ಹೀರುತ್ತದೆ. ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಕಲಬುರ್ಗಿಗಳ ಕೆಲವು ವಲಯಗಳಲ್ಲಿ 2008ರ ಸುಮಾರಿಗೆ ಆರಂಭವಾದ ನಿರಂತರ ನೀರು ಪೂರೈಕೆಯ ಒಂದು ಮಹತ್ವವೆಂದರೆ ಕೊಳವೆಯಲ್ಲಿ ಸದಾ ಒತ್ತಡವನ್ನು ಉಳಿಸಿ ಈ ಹೀರುವಿಕೆಯನ್ನು ತಡೆಯುವುದು. ಒಡೆದ ಕೊಳವೆಗೆ ಯಾವ ದ್ರವ್ಯವೂ ಪರಿಹಾರವಲ್ಲ.

ಕ್ಲೋರಿನ್ ಡೈಆಕ್ಸೈಡಿನಿಂದ ಮನೆಯ ಬೂಷ್ಟನ್ನು ಕೊಲ್ಲುವ ವಿಷಯದಲ್ಲಿಯೂ ಇದೇ ನ್ಯಾಯ. 2019ರ ಆಗಸ್ಟಿನಲ್ಲಿ ಮಲಪ್ರಭೆಯ ನೆರೆ ರಾಮದುರ್ಗದ ಮನೆಗಳಿಗೆ ನುಗ್ಗಿತು. ಅಂಥ ನೆರೆ ಇಳಿದ ಮೇಲೆ ನೀರು ಕುಡಿದ ಮಣ್ಣಿನ ಗೋಡೆಗಳ ಮೇಲೆ ಕರಿಯ ಬೂಷ್ಟು ಹಬ್ಬುತ್ತದೆ. 2001ರಲ್ಲಿ ವಾಷಿಂಗ್‌ಟನ್ನಿನ ಹಾರ್ಟ್ ಸೆನೆಟ್ ಭವನದಲ್ಲಿ ಆಂಥ್ರಾಕ್ಸ್ ಬೀಜಾಣುಗಳನ್ನು ನಾಶಮಾಡಲು ಕ್ಲೋರಿನ್ ಡೈಆಕ್ಸೈಡ್ ಅನಿಲವನ್ನು ತುಂಬಿದರೆಂಬುದು ನಿಜ. ಅದು ನಿಷ್ಣಾತರು ಜನರನ್ನೆಲ್ಲ ಹೊರಗಿರಿಸಿ, ಬಾಗಿಲು ಕಿಟಕಿಗಳನ್ನು ಬಂಧಿಸಿ ಮಾಡಿದ ಕಾರ್ಯ. ಮಕ್ಕಳು ಮಲಗುವ ಕೋಣೆಯಲ್ಲಿ ಅದನ್ನು ಹೊಗೆಯಾಡಿಸುವುದು ಶ್ವಾಸಕೋಶಕ್ಕೆ ಘಾತಕ. ಸತ್ತ ಬೂಷ್ಟೂ ಕೆಮ್ಮು, ಉಬ್ಬಸಗಳನ್ನು ಕೆರಳಿಸಬಲ್ಲುದಾದ್ದರಿಂದ ಅದನ್ನು ಕೊಂದರೆ ಸಾಲದು, ಉಜ್ಜಿ ತೆಗೆಯಬೇಕು. ಸೋರುವ ಮಾಡನ್ನು ಸರಿಪಡಿಸಿ ಗೋಡೆಯನ್ನು ಒಣಗಿಸದಿದ್ದರೆ ತೇವದ ಹಿಂದೆಯೇ ಅದು ಮತ್ತೆ ಬರುತ್ತದೆ.

ಇದೇ ದ್ರವ್ಯವನ್ನು ಸರ್ವರೋಗನಿವಾರಕ ಔಷಧಿಯೆಂದು ಕುಡಿಸುವ ದುರ್ವ್ಯಾಪಾರವೂ ಲೋಕದಲ್ಲಿ ನಡೆದಿದೆ. ಅದನ್ನು ಕುಡಿಯಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2010ರಲ್ಲಿ ಮತ್ತು ಪುನಃ 2019ರಲ್ಲಿ ಜನರನ್ನು ಎಚ್ಚರಿಸಿತು. ನೀರನ್ನು ಶುದ್ಧಗೊಳಿಸುವ ವಸ್ತು ಶರೀರವನ್ನು ಶುದ್ಧಗೊಳಿಸದು. ಶುದ್ಧಗೊಳಿಸುತ್ತದೆಂದು ಹೇಳಿ ಅದರ ಸೀಸೆ ಮಾರುವವರು ನಮ್ಮ ಜಾತ್ರೆಗಳಿಗೆ ಬಾರದಂತೆ ಆರೋಗ್ಯ ಇಲಾಖೆಯು ಜಾಗರೂಕವಾಗಿರಬೇಕು.

ಆದುದರಿಂದ ಮಾಡತಕ್ಕದ್ದು ಸ್ಪಷ್ಟವಾಗಿದೆ. ನದಿಯ ನೀರನ್ನೆತ್ತಿ ಹಲವು ಗ್ರಾಮಗಳಿಗೆ ಕೊಡುವ ದೊಡ್ಡ ಯೋಜನೆಗಳಲ್ಲಿ, ಮತ್ತು ದೊಡ್ಡ ಆಸ್ಪತ್ರೆಗಳಲ್ಲಿ, ರಸಾಯನಜ್ಞನೊಬ್ಬನು ನಿತ್ಯವೂ ಹೊಣೆ ಹೊರುವುದಾದರೆ ಕ್ಲೋರಿನ್ ಡೈಆಕ್ಸೈಡ್ ಬರಲಿ, ಸ್ವಾಗತ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಲಕ್ಷೋಪಲಕ್ಷ ಭಕ್ತರು ಸೇರುವ ಯಲ್ಲಮ್ಮನ ಗುಡ್ಡದಲ್ಲಿ ಪ್ರತಿಯೊಂದು ಟ್ಯಾಂಕರಿನ ನೀರೂ ಪರೀಕ್ಷೆಯಾಗದೆ ಬಿಂದಿಗೆಗೆ ಇಳಿಯಬಾರದು. ಪ್ರತಿ ಗ್ರಾಮ ಪಂಚಾಯತಿಯೂ ನೀರು ಬಿಡುವವನಿಗೆ ತರಬೇತಿಯನ್ನೂ ಅದಕ್ಕೆ ತಕ್ಕ ಸಂಬಳವನ್ನೂ ಕೊಟ್ಟು, ನೀರು ಬಿಟ್ಟ ದಿನವೆಲ್ಲ ಕೊನೆಯ ನಳದ ಅಳತೆಯನ್ನು ಕಚೇರಿಯ ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಸಲಿ. ಬರೆಯದ ದಿನ ಏಕೆಂದು ಕೇಳುವ ಅಧಿಕಾರ ಗ್ರಾಮಸಭೆಗಿದೆ, ನಾವು ಕೇಳಬೇಕು. ಮುದೇನೂರಿನಲ್ಲಿ ಸತ್ತವರಿಗೆ ನಾವು ಸಲ್ಲಿಸಬೇಕಾದ ಋಣವಿರುವುದು ಪರಿಹಾರದ ಹಣದಲ್ಲಿ ಮಾತ್ರವಲ್ಲ. ಈ ನಿತ್ಯದ ಅಳತೆಯನ್ನು ಒಂದು ದಿನವೂ ತಪ್ಪಿಸದಿರುವುದರಲ್ಲಿ.