ಬೆನ್ನು ನಮ್ಮದು, ಫಿಲ್ಮ್ ಯಾರದು?



"ನಿಮ್ಮ ಜನಕ್ಕೆ ತಿಳುವಳಿಕೆ ಕಡಿಮೆ, ಆಪರೇಷನ್ ಅಂದ್ರೆ ಓಡಿ ಹೋಗ್ತಾರೆ." ಕೆಜಿಎಫ್, ಬಂಗಾರಪೇಟೆ ಕಡೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಓಡಿ ಹೋಗ್ತಿಲ್ಲ ಸಾರ್. ಬೆನ್ನುಮೂಳೆಗೆ ಕತ್ತಿ ಹಾಕೋ ಮುಂಚೆ ಇನ್ನೊಬ್ಬ ಡಾಕ್ಟರನ್ನ ಕೇಳ್ತೀವಿ ಅಂತಿದೀವಿ. ಜಯನಗರದ ಬಂಗಲೆಯವರು ಕೇಳಿದ್ರೆ ಅದು ಸೆಕೆಂಡ್ ಒಪೀನಿಯನ್. ಆಂಡರ್ಸನ್‌ಪೇಟೆ ಲೈನ್ ಮನೆಯವನು ಕೇಳಿದ್ರೆ ಮಾತ್ರ ಅಜ್ಞಾನವಾ?

ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳ ಇತ್ತು. ಅಲ್ಲಿ ಬಗ್ಗಿದ ಬೆನ್ನುಗಳಲ್ಲಿ ಬಹುಪಾಲು ನಮ್ಮವರದ್ದೇ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು, ಆಮೇಲೆ ಗಣಿ ಆಸ್ಪತ್ರೆಯೂ ಬಾಗಿಲು ಹಾಕಿತು. ಈಗ ಮಕ್ಕಳು ಕತ್ತಲಲ್ಲೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಮೂಟೆ ಹೊರೋಕೆ ಹೋಗ್ತಾರೆ.

ನಮ್ಮ ಚಿಕ್ಕಪ್ಪನ ಮಗನೂ ಹಂಗೇ ಹೋಗ್ತಿದ್ದ. ಮೂಟೆ ಎತ್ತುವಾಗ ಸೊಂಟ ಹಿಡೀತು, ನೋವು ಎಡಗಾಲಿಗೆ ಇಳೀತು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿಸಿದ್ವಿ. ಅದೇ ಸಂಜೆ, "ಡಿಸ್ಕ್ ಜಾರಿದೆ, ನಾಳೆ ಆಪರೇಷನ್. ಕಾರ್ಡ್ ಇದೆಯಲ್ಲಾ?" ಫಿಲ್ಮ್ ಕೇಳಿದ್ರೆ, "ಆಪರೇಷನ್ ಇಲ್ಲೇ ತಾನೆ, ಫಿಲ್ಮ್ ಯಾಕೆ?" ಮುಂದಿಟ್ಟ ಒಪ್ಪಿಗೆ ಪತ್ರ ಇಂಗ್ಲಿಷಿನದು. ತಮಿಳು, ತೆಲುಗು, ಕನ್ನಡ ಮೂರೂ ಆಡೋ ಊರಲ್ಲಿ ಆ ಮೂರರಲ್ಲಿ ಒಂದೂ ಅಲ್ಲ! ಜಗಳ ಮಾಡಿಯೇ ಫಿಲ್ಮ್ ತಗೊಂಡ್ವಿ. ಬೆಂಗಳೂರಿನ ಸರ್ಕಾರಿ ಡಾಕ್ಟರು ಕಾಲು ಎತ್ತಿಸಿದ್ರು, ಹೆಬ್ಬೆರಳ ಬಲ ನೋಡಿದ್ರು, ಮೂತ್ರ ಸರಿಯಾಗಿ ಹೋಗ್ತಿದೆಯಾ ಅಂತ ಕೇಳಿದ್ರು. ಆರು ವಾರ ಮಾತ್ರೆ, ವ್ಯಾಯಾಮ, ಆಮೇಲೆ ನೋಡೋಣ ಅಂದ್ರು. ಅವರೂ ಆಪರೇಷನ್ನೇ ಬೇಕು ಅಂದಿದ್ರೆ ಅವತ್ತೇ ಸಹಿ ಹಾಕ್ತಿದ್ವಿ. ಈಗ ಮೂಟೆ ಬಿಟ್ಟು ವಾಚ್‌ಮನ್ ಕೆಲಸ ಮಾಡ್ತಾನೆ.

ಎಲ್ಲ ಬೆನ್ನುನೋವಿಗೂ ಕಾಯಿರಿ ಅಂತ ನಾನು ಹೇಳ್ತಿಲ್ಲ. ಮೂತ್ರ ಕಟ್ಟಿದರೆ, ಮಲ ಹಿಡಿತ ತಪ್ಪಿದರೆ, ತೊಡೆಸಂದು ಜೋಮು ಹಿಡಿದರೆ, ಕಾಲಿನ ಬಲ ದಿನೇ ದಿನೇ ಇಳಿದರೆ ಊರೂರು ಸುತ್ತಬೇಡಿ, ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಿ. ಇವು ಇಲ್ಲದಿದ್ದರೆ ಜಾರಿದ ಡಿಸ್ಕಿನ ಕಾಲುನೋವು ಬಹಳ ಜನಕ್ಕೆ ಆರರಿಂದ ಹನ್ನೆರಡು ವಾರದಲ್ಲಿ ಕತ್ತಿ ಇಲ್ಲದೆ ಕಡಿಮೆ ಆಗುತ್ತೆ. ಫಿಲ್ಮಿನಲ್ಲಿ ಉಬ್ಬು ಕಂಡ ಮಾತ್ರಕ್ಕೆ ಆಪರೇಷನ್ ಅಲ್ಲ. 50 ವರ್ಷದವರಲ್ಲಿ ನೋವೇ ಇಲ್ಲದ ಅರ್ಧಕ್ಕಿಂತ ಹೆಚ್ಚು ಜನಕ್ಕೂ ಅಂಥ ಉಬ್ಬು ಕಾಣುತ್ತೆ. ನಮ್ಮೂರಿಗೆ ಇನ್ನೊಂದು ವಿಷಯ. ಗಣಿ ಧೂಳು ಕುಡಿದ ಎದೆಗೆ ಕ್ಷಯ ಬೇಗ ಅಂಟುತ್ತೆ. ಕ್ಷಯ ಬೆನ್ನುಮೂಳೆಗೂ ಇಳಿಯುತ್ತೆ, ಅದಕ್ಕೆ ಮೊದಲ ಮದ್ದು ಮಾತ್ರೆಯೇ. ಹಳೇ ಗಣಿ ಕಾರ್ಮಿಕರ ಬೆನ್ನು ನೋಡೋ ಡಾಕ್ಟರು ಇದನ್ನ ಕೇಳಲೇಬೇಕು.

ಕಾನೂನು ನಮ್ಮ ಕಡೆ ಇದೆ. ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ, ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಬೇರೆ ಚಿಕಿತ್ಸೆ ಏನಿದೆ, ಅಪಾಯ ಏನು ಅಂತ ತಿಳಿಸದೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ ಅಂತ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 2018ರ ರೋಗಿಗಳ ಸನ್ನದಿನಲ್ಲಿ ಎರಡನೇ ಅಭಿಪ್ರಾಯ ಪಡೆಯೋದು ಹಕ್ಕು.

ಆದರೆ ಹಕ್ಕಿಗೂ ರೈಲು ಚಾರ್ಜು ಬೇಕಲ್ಲ? ಬಿಪಿಎಲ್ ಕುಟುಂಬಕ್ಕೆ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಖಾಸಗಿ ಡಾಕ್ಟರ ಮುಂದೆ ಕೂತು "ಇದು ಬೇಕಾ?" ಅಂತ ಕೇಳೋಕೆ ಆ ಕಾರ್ಡು ನಡೆಯಲ್ಲ. ಸಂಜಯ್ ಗಾಂಧಿ ಆಸ್ಪತ್ರೆ, ನಿಮ್ಹಾನ್ಸ್, ಬೌರಿಂಗ್ ಎಲ್ಲಾ ಬೆಂಗಳೂರಲ್ಲಿ. ರೋಗಿಯದ್ದೊಂದು ಕೂಲಿ, ಜೊತೆಗೆ ಬಂದವನದ್ದೊಂದು ಕೂಲಿ ಹೋಯ್ತು. ಕೂಲಿ ಕಳಕೊಳ್ಳೋಕೆ ಆಗದವನು ಸಹಿ ಹಾಕ್ತಾನೆ, ಅದನ್ನ ನೀವು ಒಪ್ಪಿಗೆ ಅಂತೀರಿ.

2021ರ ಕೋವಿಡ್‌ನಲ್ಲಿ ಇಪ್ಪತ್ತು ವರ್ಷ ಪಾಳು ಬಿದ್ದಿದ್ದ ಗಣಿ ಆಸ್ಪತ್ರೆಯನ್ನ ಸ್ವಯಂಸೇವಕರು ಗುಡಿಸಿ ತೊಳೆದು ಹಾಸಿಗೆ ಹಾಕಿ ನಡೆಸಲಿಲ್ಲವಾ? ಕೆಜಿಎಫ್‌ಗೆ ವಾರಕ್ಕೊಂದು ದಿನ ಸರ್ಕಾರಿ ಬೆನ್ನುಮೂಳೆ ತಜ್ಞರನ್ನ ಕಳಿಸೋಕೆ ಸರ್ಕಾರಕ್ಕೆ ಏನು ಕಷ್ಟ? ಒಪ್ಪಿಗೆ ಪತ್ರ ನಮ್ಮ ಭಾಷೆಯಲ್ಲಿ ಬರಲಿ. ಫಿಲ್ಮ್ ಕೇಳದೇನೇ ಕೈಗೆ ಕೊಡಲಿ.

ಅಲ್ಲಿವರೆಗೆ ಅರ್ಜಿಯನ್ನ ಎರಡು ಪ್ರತಿ ಬರೀರಿ. ಒಂದಕ್ಕೆ ಸೀಲು, ತಾರೀಖು, ಟೈಮು ಹಾಕಿಸ್ಕೊಳ್ಳಿ. ಸೀಲು ಹಾಕಲ್ಲ ಅಂದ್ರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಕೊಳ್ಳಿ. 72 ಗಂಟೆ ದಾಟಿದ್ರೆ ಜಿಲ್ಲಾಧಿಕಾರಿಗೆ ದೂರು ಕೊಡೋಣ, ನಾನೂ ಜೊತೆಗೆ ಬರ್ತೀನಿ.